ಕಾರಿಗೊಂದು ಹೊಸ್ತಿಲು

ನಮ್ಮ ಕಾರು ಮನೆಗೆ ಬಂದು ಎರಡು ಕಾಫಿ ಕುಯ್ಲು ಕಳೆದಿದ್ದರೂ ಅದರ ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಶೋರೂಮಿನವರು ಹಾಕಿ ಕೊಟ್ಟದ್ದು. ಅದನ್ನು ತೆಗೆಯಬಾರದು ಎಂಬುದು ನಮ್ಮ ಯಜಮಾನರ ಕಾನೂನು. ಬಾಗಿಲಿನ ಒಳಮೈಗೂ ಪ್ಲಾಸ್ಟಿಕ್ಕು, ಬಿಸಿಲಿಗೆ ಅಡ್ಡ ಇಳಿಸುವ ರೆಕ್ಕೆಗೂ ಪ್ಲಾಸ್ಟಿಕ್ಕು. ಕೂತರೆ ಪರಪರ, ಎದ್ದರೆ ಪರಪರ. ಬೇಸಿಗೆಯಲ್ಲಿ ಬೆನ್ನಿಗೆ ಅಂಟಿಕೊಂಡು, ಇಳಿಯುವಾಗ ಚರ್ಮ ಸುಲಿದ ಹಾಗೆ ಆಗುತ್ತಿತ್ತು. ಕಾಫಿಗೆ ಒಳ್ಳೆಯ ರೇಟು ಬಂದ ವರ್ಷ ಕೊಂಡ ಕಾರು. ಹೊಸದು ಹೊಸದಾಗಿಯೇ ಇರಬೇಕು ಎಂದು ಅವರ ಆಸೆ.

"ಪ್ಲಾಸ್ಟಿಕ್ ಕಿತ್ರೆ ಹಳೇದಾಗ್ಬುಡ್ತದೆ ಕಣೇ" ಎನ್ನುತ್ತಿದ್ದರು.

ಮದುವೆಯಾದ ವರ್ಷ ನನಗೂ ಒಂದು ಹಾಳೆ ಸುತ್ತಿಸಿದ್ದರೆ ಚೆನ್ನಾಗಿತ್ತು ಎಂದೆ. ಅವರು ಸೀಟಿನ ಪ್ಲಾಸ್ಟಿಕ್ ಮೇಲಿನ ಧೂಳು ಒರೆಸತೊಡಗಿದರು.

ನಾವಿರುವುದು ಆಲೂರಿನ ಪಾಳ್ಯದ ಕಡೆ. ಒಂದಷ್ಟು ಗದ್ದೆ, ಏರಿನಲ್ಲಿ ಕಾಫಿ. ನನ್ನ ಅಕ್ಕ ಇರುವುದು ವನಗೂರಿನ ಕಡೆ, ಮಗ ಸೊಸೆಯ ಜೊತೆ. ಕಾಫಿ, ಏಲಕ್ಕಿ, ಮೆಣಸು ಎಲ್ಲ ಇರುವ ಮನೆ. ಇಲ್ಲದ್ದು ಎಂದರೆ ಅಕ್ಕನ ಕಣ್ಣು. ಎರಡೂ ಕಣ್ಣಿಗೆ ಪೊರೆ ಬಂದು ಬಲಿತುಬಿಟ್ಟಿತ್ತು. ಜಗಲಿಯ ಗೂಟಕ್ಕೆ ನೇತು ಹಾಕಿದ್ದ ಕಂಬಳಿಗೆ, "ಯಾಕೆ ಅಲ್ಲೇ ನಿಂತ್ರಿ, ಒಳಿಕ್ ಬನ್ನಿ, ಕಾಫಿ ಕುಡೀರಿ" ಎಂದು ಉಪಚಾರ ಮಾಡುತ್ತಿದ್ದಳು. ಕಂಬಳಿ ಒಳಗೆ ಬರಲಿಲ್ಲವೆಂದು ಬೇಜಾರೂ ಮಾಡಿಕೊಳ್ಳುತ್ತಿದ್ದಳು. ಅಲ್ಲಿಯವರೆಗೆ ನಮಗೆ ನಗು. ಆಮೇಲೆ ಒಂದು ದಿನ ಒಲೆಯ ಮೇಲಿನ ಬಾಣಲೆ ಎಲ್ಲಿದೆ ಎಂದು ಕೈಯಿಂದ ಹುಡುಕಿ ಅಂಗೈ ಸುಟ್ಟುಕೊಂಡಳು. ಅಲ್ಲಿಂದ ನಗು ನಿಂತಿತು.

ಊರಿಗೆ ಕ್ಯಾಂಪು ಬಂದಾಗ ಕಣ್ಣಿನ ಡಾಕ್ಟರು ನೋಡಿ, ಹಾಸನಕ್ಕೆ ಕರೆದುಕೊಂಡು ಬನ್ನಿ, ಒಂದಾದ ಮೇಲೆ ಒಂದು ಆಪರೇಷನ್ ಮಾಡೋಣ, ಇನ್ನೂ ತಡ ಮಾಡಿದರೆ ಪೊರೆ ಕಲ್ಲಾಗುತ್ತದೆ, ಆಮೇಲೆ ನನ್ನ ಕೈಯಲ್ಲೂ ಇಲ್ಲ ಎಂದರು. ಆಪರೇಷನ್ನಿಗೆ ಅಕ್ಕ ಹೆದರಲಿಲ್ಲ. ಅವಳು ಹೆದರಿದ್ದು ಹಾಸನಕ್ಕೆ ಹೋಗುವ ಕಾರಿಗೆ.

ಅಕ್ಕನಿಗೆ ವಾಹನ ಆಗುವುದಿಲ್ಲ. ವನಗೂರಿನಿಂದ ಸಕಲೇಶಪುರದವರೆಗೆ ರಸ್ತೆ ಹೇಗಿದೆ ಎಂದು ಹೋದವರಿಗೆ ಗೊತ್ತು. ಒಂದು ತಿರುವು ಮುಗಿಯುವುದರೊಳಗೆ ಇನ್ನೊಂದು ಶುರುವಾಗಿರುತ್ತದೆ. ಮೊದಲೆಲ್ಲ ಟಾಪಿಲ್ಲದ ಜೀಪಿನ ಹಿಂದೆ ಗಾಳಿಗೆ ಮುಖ ಕೊಟ್ಟು ಕೂತು ಹೋಗುತ್ತಿದ್ದಳು, ಏನೂ ಆಗುತ್ತಿರಲಿಲ್ಲ. ಈಗ ಜೀಪು ಹತ್ತಲು ಮಂಡಿ ಬಿಡುವುದಿಲ್ಲ. ಹತ್ತಿಸಿದರೂ, ಆಪರೇಷನ್ ಆದ ಕಣ್ಣಿಗೆ ಧೂಳು ತಾಗಬಾರದು. ಮಗ ಒಂದು ಸಲ ಟ್ಯಾಕ್ಸಿ ತರಿಸಿದ. ಅದರೊಳಗೆ ಸೆಂಟಿನ ಬಾಟಲಿ ತೂಗುತ್ತಿತ್ತು. ಗೇಟು ದಾಟುವುದರೊಳಗೆ ಅಕ್ಕ ವಾಂತಿ ಮಾಡಿಕೊಂಡು ಇಳಿದು ಮನೆಗೆ ನಡೆದು ಬಂದಳಂತೆ.

ಆಮೇಲೆ ನಾವು ನಮ್ಮ ಕಾರು ತೆಗೆದುಕೊಂಡು ಹೋದೆವು. ಎರಡನೇ ತಿರುವಿನಲ್ಲೇ ಅಕ್ಕ ಸೀಟಿನ ಮೇಲೆ ವಾಂತಿ ಮಾಡಿಕೊಂಡಳು. ಯಜಮಾನರು ಕಾರು ನಿಲ್ಲಿಸಿ, ನೀರು ಹಾಕಿ, ಪ್ಲಾಸ್ಟಿಕ್ ಮೇಲೆ ಒಂದು ಸಲ ಬಟ್ಟೆ ಎಳೆದರು. ಸೀಟು ಫಳಫಳ ಆಯಿತು.

"ನೋಡ್ದ್ಯಾ? ಬಡ್ಕೊತಿದ್ನಲ್ಲ ನಾನು, ತೆಗೀಬ್ಯಾಡ ತೆಗೀಬ್ಯಾಡ ಅಂತ" ಎಂದರು. ಅವರ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ಮಗನ ಮದುವೆಯಲ್ಲೂ ಕಂಡಿರಲಿಲ್ಲ.

ಅಕ್ಕ ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಕೂತು, "ನಾನ್ ಬರಕಿಲ್ಲ ಕಣೇ. ಕಣ್ ಹೋದ್ರೆ ಹೋಗ್ಲಿ. ಆ ಪ್ಲಾಸ್ಟಿಕ್ ನಾತ ಐತಲ್ಲ, ಹೊಸ ಚಪ್ಲಿ ಅಂಗ್ಡಿ ಒಳಗ್ ಕೂಡ್ಸಿ ಬಾಗ್ಲಾಕ್ದಂಗ್ ಆಯ್ತದೆ. ನಮ್ ಮನೇಲಿ ಇಂಗೆ ವಾಸ್ನೆ ಬತ್ತದಾ? ಮನೇಲಿ ಕೂತ್ರೆ ವಾಂತಿ ಬತ್ತದಾ?" ಎಂದಳು.

ಅವತ್ತು ಅಕ್ಕನನ್ನು ಮನೆಗೆ ಬಿಟ್ಟು ವಾಪಸು ಬರುವಾಗ ನನ್ನ ತಲೆಯಲ್ಲಿ ಆ ಮಾತೇ ಕೂತಿತ್ತು. ವಾಸನೆ ಪ್ಲಾಸ್ಟಿಕ್ಕಿನದು. ಹಾಗಾದರೆ ಪ್ಲಾಸ್ಟಿಕ್ ತೆಗೆದು, ಮನೆಯಲ್ಲಿ ಏನೇನು ಇರುತ್ತದೋ ಅದನ್ನೇ ಕಾರಿನೊಳಗೂ ಇಟ್ಟರೆ ಆಯಿತು. ಮರ, ಗೋಣಿ, ಹತ್ತಿ ಬಟ್ಟೆ. ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಹೊಸದಾಗಿ ಕಲಿಸಿದ್ದಳು. "ಕಾರಿನ ಒಳಗೆ ಮರ" ಎಂದು ಒಂದೇ ಬೆರಳಿನಲ್ಲಿ ಒತ್ತಿದೆ. ಮೊದಲು ಕಾರಿನ ಮೇಲೆ ಮರ ಬಿದ್ದ ವಿಡಿಯೋಗಳು ಬಂದವು. ಅವನ್ನೂ ನೋಡಿದೆ. ಆಮೇಲೆ ಯಾರೋ ಒಬ್ಬ ಕಾರಿನ ಬಾಗಿಲಿಗೆಲ್ಲ ತೆಳ್ಳಗಿನ ಮರದ ಪಟ್ಟಿ ಕೂಡಿಸುವುದು ಬಂತು. ಆಗುವ ಕೆಲಸ ಎಂದಾಯಿತು.

ಯಜಮಾನರನ್ನು ಒಪ್ಪಿಸುವುದು ಬೇರೆ ಕೆಲಸ. ಅಕ್ಕನ ಕಣ್ಣಿನ ವಿಷಯ ಎತ್ತಿದರೆ, ಟ್ಯಾಕ್ಸಿಗೆ ನಾನೇ ಕೊಡುತ್ತೇನೆ ಎನ್ನುತ್ತಾರೆಂದು ಗೊತ್ತಿತ್ತು. ಹಾಗಾಗಿ ಅದನ್ನು ಎತ್ತಲಿಲ್ಲ. ಹಿಂದಿನ ತಿಂಗಳು ಒಂದು ಮದುವೆ ಮನೆಯಲ್ಲಿ ದೊಡ್ಡ ಎಸ್ಟೇಟಿನವರ ಕಾರು ನಿಂತಿತ್ತು. ಅದರೊಳಗೆ ಮರದ ಪಟ್ಟಿ ಇದೆಯೆಂದು ಇವರು ಗಾಜಿಗೆ ಮೂಗು ಒತ್ತಿ ನೋಡಿ, ಗಾಜಿನ ಮೇಲೆ ಮೂಗಿನ ಗುರುತು ಬಿಟ್ಟು ಬಂದಿದ್ದರು.

"ರೀ, ಅದು ಮರ ಅಲ್ವಂತೆ. ಮರದ್ ಬಣ್ಣ ಬಳ್ದಿರೋ ಪ್ಲಾಸ್ಟಿಕ್ಕಂತೆ" ಎಂದೆ.

"ಅಷ್ಟ್ ದುಡ್ಡಿನ್ ಕಾರ್‌ಗೆ ಪ್ಲಾಸ್ಟಿಕ್ಕಾ?"

"ನಮ್ ಅಟ್ಟದ್ ಮೇಲೆ ಕಣಜದ ಹಲ್ಗೆ ಬಿದ್ದಾವಲ್ಲ, ಹಲಸಿಂದು. ನಿಜವಾದ್ ಮರ. ಈ ಸುತ್ತಿನಲ್ಲಿ ಯಾರ್ ಕಾರಲ್ಲೂ ಇಲ್ಲ ಬುಡಿ."

ಅವರು ಒಂದು ಲೋಟ ಕಾಫಿ ಪೂರ್ತಿ ಕುಡಿದರು. ಆಮೇಲೆ ಲೋಟ ಕೆಳಗಿಟ್ಟು, ಏಣಿ ಎಲ್ಲಿದೆ ಎಂದು ಕೇಳಿದರು.

ನಮ್ಮ ಕಡೆ ಬಾಗಿಲು, ಕಿಟಕಿ, ಮಂಚ ಮಾಡುವ ಆಚಾರಿ ಒಬ್ಬರಿದ್ದಾರೆ. ಅವರು ಮಾಡಿದ ಮಂಚ ಅಲ್ಲಾಡುವುದಿಲ್ಲ, ಅವರು ಹೇಳಿದ ಮಾತೂ ಅಲ್ಲಾಡುವುದಿಲ್ಲ. ಕಾಫಿ ಒಣಗಿಸುವ ಕಣದಲ್ಲಿ ಕಾರು ನಿಲ್ಲಿಸಿದ್ದೆವು. ಅವರು ಬಂದವರೇ ಎಲೆ ಅಡಿಕೆ ಹಾಕಿಕೊಂಡು ಕಾರಿಗೆ ಒಂದು ಸುತ್ತು ಬಂದರು.

"ಮುಖ ಯಾವ್ ದಿಕ್ಕಿಗೆ ಗೌಡ್ರೆ?"

"ಕಾರ್‌ಗೆ ಎಂತ ದಿಕ್ಕೋ ಮಾರಾಯ. ತಿರುಗಿಸ್ದಂಗೆ ತಿರುಗ್ತದೆ."

"ಅಂಗಾರೆ ಆಯ ಎಂಗ್ ನೋಡ್ಲಿ? ಅಳತೆ ತಪ್ಪಿದ್ರೆ ನಾಳೆ ಆಚಾರಿ ಕೆಡಿಸ್ದ ಅಂತೀರ."

ಮನೆ ಕಟ್ಟುವಾಗ ಉದ್ದಗಲ ಗುಣಿಸಿ ಒಳ್ಳೆಯ ಆಯ ಬರುವಂತೆ ಅಳತೆ ಹಿಡಿಯುವುದು ಅವರ ಪದ್ಧತಿ. ಕಾರನ್ನೂ ಅಳೆದರು. ಆಯ ಬರಲಿಲ್ಲವಂತೆ. ಹಿಂದುಗಡೆ ನಾಲ್ಕು ಬೆರಳು ಜಾಸ್ತಿ ಮಾಡಿಸಲು ಆಗುತ್ತದೆಯೇ ಎಂದು ಕೇಳಿದರು. ಆಗುವುದಿಲ್ಲ ಎಂದರು ಯಜಮಾನರು. ಕಂಪನಿಯವರು ಯಾರನ್ನೂ ಕೇಳದೆ ಮಾಡಿಬಿಡುತ್ತಾರೆ ಎಂದು ಆಚಾರಿ ಬೇಸರಪಟ್ಟುಕೊಂಡರು.

ಮುಂದಿನ ಸೀಟಿನ ಎದುರಿಗಿರುವ ಜಾಗ ಮುಟ್ಟಬಾರದು, ಅದರೊಳಗೆ ಗಾಳಿ ಚೀಲ ಇದೆ, ಢಿಕ್ಕಿಯಾದರೆ ಉಬ್ಬಿಕೊಂಡು ಹೊರಗೆ ಬರುತ್ತದೆ ಎಂದು ಯಜಮಾನರು ಮೊದಲೇ ಹೇಳಿದರು.

"ಚೀಲ್ದಲ್ಲಿ ಏನೈತೆ?"

"ಗಾಳಿ."

"ಗಾಳಿಗೂ ದುಡ್ ತಗೊಂಡ್ರಾ?"

ಯಜಮಾನರು ಆ ಸಂಜೆಯೆಲ್ಲ ಮಂಕಾಗಿದ್ದರು.

ಮಾರನೇ ದಿನ ಪ್ಲಾಸ್ಟಿಕ್ ತೆಗೆಯುವ ಕೆಲಸ. ನಾನೇ ಕತ್ತರಿ ಹಿಡಿದೆ. ಇವರು ಸ್ವಲ್ಪ ದೂರದಲ್ಲಿ, ಕೈ ಕಟ್ಟಿಕೊಂಡು, ಯಾರನ್ನೋ ಕಳಿಸಿಕೊಡಲು ಬಂದವರ ಹಾಗೆ ನಿಂತಿದ್ದರು. ಹಾಳೆ ಎಲ್ಲ ಕಿತ್ತಾದ ಮೇಲೆ ಅದನ್ನು ಮಡಚಿ ಮಡಚಿ ತೆಗೆದುಕೊಂಡು ಹೋದರು. ಎಲ್ಲಿಟ್ಟರೋ ಇವತ್ತಿಗೂ ಹೇಳಿಲ್ಲ.

ಕಣಜದ ಹಲಗೆ ಎಷ್ಟೋ ವರ್ಷ ಭತ್ತ ಹೊತ್ತದ್ದು. ಒಣಗಿ ಕಬ್ಬಿಣದಂತಾಗಿತ್ತು. ಆಚಾರಿ ಅದಕ್ಕೆ ಹತ್ತರಿ ಹೊಡೆದು ನಯ ಮಾಡಿದಂತೆ ಒಳಗಿನ ಜೇನಿನ ಬಣ್ಣ ಮೇಲೆ ಬಂತು. ತೆಳ್ಳಗೆ ಸೀಳಿ, ನಾಲ್ಕು ಬಾಗಿಲಿನ ಒಳಮೈಗೂ ಪಟ್ಟಿ ಕೂಡಿಸಿದರು. ಗೇರಿನ ಸುತ್ತ ಒಂದು ಚೌಕಟ್ಟು ಬಂತು. ಅವರು ವಾರ್ನಿಷ್ ಡಬ್ಬ ತೆಗೆದರು, ನಾನು ಆ ಡಬ್ಬ ಮುಚ್ಚಿಸಿದೆ. ವಾಸನೆ ಬೇಡವೆಂದೇ ಇಷ್ಟೆಲ್ಲ ಮಾಡುತ್ತಿರುವುದು. ಬದಲಿಗೆ ಬಟ್ಟೆಯಲ್ಲಿ ಕೊಬ್ಬರಿ ಎಣ್ಣೆ ಅದ್ದಿ ನಾನೇ ಮರಕ್ಕೆಲ್ಲ ತಿಕ್ಕಿದೆ. ಕಾಲ ಕೆಳಗೆ ಒಗೆದು ಒಣಗಿಸಿದ ಕಾಫಿ ಗೋಣಿ ಕತ್ತರಿಸಿ ಹಾಸಿದೆ. ಸೀಟಿಗೆ ನನ್ನ ಹಳೆಯ ಹತ್ತಿ ಸೀರೆಗಳನ್ನು ಮಡಚಿ ಹೊಲಿದು ಹೊದಿಸಿದೆ. ಮುಂದಿನ ಸೀಟಿಗೆ ಚೌಕಳಿ, ಹಿಂದಿನದಕ್ಕೆ ಹೂವು. ಡ್ರೈವರ್ ಸೀಟಿಗೆ ಸಾಕಾಗದೆ ಎರಡು ಬಣ್ಣ ಬಂತು. ಯಜಮಾನರು ನೋಡಿ, "ಲಂಗ ಉಟ್ಕೊಂಡಂಗ್ ಐತೆ" ಎಂದರು.

ನಾನು ಹೊಲಿಗೆಯಲ್ಲಿದ್ದಾಗ ಆಚಾರಿ ಕಣದಲ್ಲಿ ಯಾರೂ ಹೇಳದ ಒಂದು ಕೆಲಸ ಮುಗಿಸಿದ್ದರು. ಕಾರಿನ ಬಾಗಿಲು ತೆಗೆದರೆ ಕೆಳಗೆ, ಕಾಲಿಟ್ಟು ಹತ್ತುವ ಅಂಚು ಇರುತ್ತದಲ್ಲ, ಆ ನಾಲ್ಕೂ ಅಂಚಿಗೆ ಹಲಸಿನ ದಪ್ಪ ಪಟ್ಟಿ ಬಂದಿತ್ತು. ಅಂಚು ಉರುಟು ಮಾಡಿ, ನಡುಮಧ್ಯ ಒಂದೊಂದು ಹೂವು ಕೆತ್ತಿದ್ದರು. ನಮ್ಮ ಮನೆಯ ಬಾಗಿಲಲ್ಲಿ ಇರುವುದು ಅದೇ ಹೂವು. ಅವರ ಅಪ್ಪ ಕೆತ್ತಿದ್ದು.

"ಇದೇನಯ್ಯ, ಕಾರ್‌ಗೆ ಹೊಸ್ಲಾ?" ಎಂದರು ಯಜಮಾನರು.

"ಬಾಗ್ಲು ಅಂದ್ಮ್ಯಾಲೆ ಹೊಸ್ಲು ಬ್ಯಾಡ್ವಾ ಗೌಡ್ರೆ? ಹೊಸ್ಲಿಲ್ದಿರೋ ಬಾಗ್ಲು ನಮ್ ಕೈಲಿ ಆಗಕಿಲ್ಲ. ಬಾಗ್ಲು ಹಾಕ್ ನೋಡಿ, ಎಲ್ಲಾರ ಉಜ್ತದಾ?"

ಬಾಗಿಲು ಹಾಕಿದರು. ಎಲ್ಲೂ ಉಜ್ಜಲಿಲ್ಲ. ಆಚಾರಿ ಬಾಗಿಲಿನ ಮಟ್ಟಿಗೆ ತಪ್ಪುವವರಲ್ಲ.

ಮರದ ಪಟ್ಟಿ ಎಂದು ಸುಮ್ಮನೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಶುಕ್ರವಾರ ಬೆಳಿಗ್ಗೆ ಮನೆಯ ಹೊಸ್ತಿಲಿಗೆ ಅರಿಶಿನ ಹಚ್ಚಿ ಕುಂಕುಮ ಇಟ್ಟ ಮೇಲೆ ಬಟ್ಟಲಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು, ಕಾರೂ ಎದುರಿಗೇ ಇತ್ತು. ಅರಿಶಿನ ಹಚ್ಚಿದ ಮೇಲೆ ಅದು ಹೊಸ್ತಿಲೇ. ಹೊಸ್ತಿಲನ್ನು ತುಳಿಯುವ ಹಾಗಿಲ್ಲ. ಅಂದಿನಿಂದ ಯಜಮಾನರು ಕಾರು ಹತ್ತುವಾಗ ಕಾಲು ಎತ್ತರಕ್ಕೆ ಎತ್ತಿ, ತಲೆ ಮೇಲಕ್ಕೆ ಬಡಿಸಿಕೊಂಡು, ಬೈಗುಳ ನುಂಗಿಕೊಂಡು ಕೂರಬೇಕಾಯಿತು. ಹೊಸ್ತಿಲಲ್ಲಿ ಬೈಯುವುದೂ ಇಲ್ಲ.

ಆಪರೇಷನ್ನಿಗೆ ದಿನ ಗೊತ್ತಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಮುಂಚೆ ಬಂದು ಸೇರಬೇಕು, ಆ ದಿನ ತಪ್ಪಿದರೆ ದೊಡ್ಡ ಡಾಕ್ಟರು ಊರಲ್ಲಿರುವುದಿಲ್ಲ ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದರು. ನಾವು ಹಿಂದಿನ ದಿನವೇ ವನಗೂರಿಗೆ ಹೋಗಿ ಉಳಿದೆವು. ಬೆಳಿಗ್ಗೆ ಅಕ್ಕನ ಕೈ ಹಿಡಿದು ಕಾರಿನ ಹತ್ತಿರ ಕರೆತಂದೆ. ಅವಳು ಬಂದದ್ದೇ ನನ್ನ ಅಳು ತಡೆಯಲಾರದೆ. ಅಳುವುದು ನನಗೆ ಕಷ್ಟದ ಕೆಲಸವೇನಲ್ಲ.

"ಮೂಸಿ ನೋಡು" ಎಂದೆ.

ಅಕ್ಕ ಬಾಗಿಲಲ್ಲಿ ನಿಂತು ಮೂಸಿದಳು. ಬೆಕ್ಕು ಹೊಸ ಮನೆ ಮೂಸುವ ಹಾಗೆ, ಅಷ್ಟೇ ನಿಧಾನವಾಗಿ. "ಗೋಣಿ... ಕೊಬ್ರೆಣ್ಣೆ..." ಎಂದಳು. ಆಮೇಲೆ ಕೈಯಿಂದ ಸವರುತ್ತ ಕೆಳಗೆ ಬಂದು ಅಂಚಿನ ಮೇಲೆ ಕೈ ಇಟ್ಟಳು. ಹೂವು ಸಿಕ್ಕಿತು. ಪಕ್ಕದಲ್ಲಿ ಅರಿಶಿನದ ತರಿ ಸಿಕ್ಕಿತು. ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು.

"ಹೊಸ್ಲು ಕಣೇ! ಮೊದ್ಲೇ ಹೇಳ್ಬಾರ್ದಾ? ಬರೀ ಕೈಲಿ ಒಳಿಕ್ ಹೋಗಾದಾ?"

ಮನೆಯೊಳಗೆ ಹೋಗಿ ಎಲೆ ಅಡಿಕೆ, ಎರಡು ಬಾಳೆಹಣ್ಣು ತಂದಳು. ಬಲಗಾಲು ಮುಂದಿಟ್ಟು, ನನ್ನ ಹೆಗಲು ಹಿಡಿದು, ಹೊಸ್ತಿಲು ದಾಟಿ ಒಳಗೆ ಬಂದು ಕೂತಳು. ಎಲೆ ಅಡಿಕೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಗೇರಿನ ಪಕ್ಕ ಇಟ್ಟೆವು.

ಮೊದಲನೇ ತಿರುವು ಆಯಿತು. ಎರಡನೆಯದೂ ಆಯಿತು. ನನಗೆ ಗೆದ್ದೆನೆಂದು ಅನ್ನಿಸಿತು. ಮೂರನೆಯದರಲ್ಲಿ ಅಕ್ಕನ ಮುಖ ಬಿಳುಚಿ, ತುಟಿ ಬಿಗಿಯಿತು. ವಾಸನೆಯ ವಿಷಯದಲ್ಲಿ ಅಕ್ಕ ಹೇಳಿದ್ದೂ ತಪ್ಪು, ನಾನು ನಂಬಿದ್ದೂ ತಪ್ಪು. ಅವಳ ಹೊಟ್ಟೆಗೆ ಪ್ಲಾಸ್ಟಿಕ್ಕೂ ಒಂದೇ, ಹಲಸೂ ಒಂದೇ. ತಿರುವು ತಿರುವೇ.

"ರೀ, ನಿಲ್ಸಿ! ಅಕ್ಕ, ಬಾಗ್ಲು ತೆಗೀತೀನಿ, ಆಚೆ ಬಗ್ಗಿ ಮಾಡ್ಬುಡು" ಎಂದೆ.

ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡೇ, "ಹೊಸ್ಲ್ ಮ್ಯಾಲೆ ಕಕ್ತಾರೇನೇ, ಲೇ!" ಎಂದು ಗದರಿದಳು.

"ಅಂಗಾರೆ ಒಳಗೇ..."

"ಮನೆ ಒಳಗಾ?"

ಯಜಮಾನರು ಕನ್ನಡಿಯಲ್ಲಿ ಹಿಂದಿನ ಸೀಟಿನ ಸೀರೆಯನ್ನೇ ನೋಡುತ್ತಿದ್ದರು. ಅವರಿಗೆ ಪ್ಲಾಸ್ಟಿಕ್ಕಿನ ನೆನಪಾಗಿತ್ತು ಎಂದು ನಾನು ಬಲ್ಲೆ. ಅಕ್ಕ ಮಾತ್ರ ಕಣ್ಣು ಮುಚ್ಚಿ, ಬಾಯಿ ಮುಚ್ಚಿ, ಬಂದದ್ದನ್ನು ಬಂದ ದಾರಿಗೆ ವಾಪಸು ಕಳಿಸಿದಳು. ಎಪ್ಪತ್ತು ದಾಟಿದ ಹೆಂಗಸು ಅಷ್ಟು ಗಟ್ಟಿಯಾಗಿ ಏನನ್ನಾದರೂ ತಡೆದು ನಿಲ್ಲಿಸಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಕಾರು ಪೂರ್ತಿ ನಿಂತ ಮೇಲೆ, ನನ್ನ ಹೆಗಲು ಹಿಡಿದು, ಹೊಸ್ತಿಲು ದಾಟಿ ಇಳಿದು, ರಸ್ತೆ ಬದಿಯಲ್ಲಿ ಕೂತು ಗಾಳಿ ತೆಗೆದುಕೊಂಡಳು. ವಾಂತಿ ಬರಲಿಲ್ಲ. ಎದ್ದು ಬಂದು, ಬೆರಳು ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು, ಬಲಗಾಲು ಮುಂದಿಟ್ಟು ಮತ್ತೆ ಒಳಗೆ ಬಂದಳು.

ಸಕಲೇಶಪುರದವರೆಗೆ ಇದೇ ನಡೆಯಿತು. ನಾಲ್ಕು ತಿರುವು ಹೋಗುವುದು, ನಿಲ್ಲಿಸುವುದು, ಇಳಿಯುವುದು, ಕೂರುವುದು, ಹತ್ತುವುದು. ಒಂದು ಕಡೆ ಎಸ್ಟೇಟಿನ ವಾಚ್‌ಮನ್ ಓಡಿ ಬಂದ.

"ಅಜ್ಜಿ, ಇಲ್ ಕೂರ್ಬ್ಯಾಡಿ. ಬೆಳಿಗ್ಗೆ ಇಲ್ಲೇ ಆನೆ ನಿಂತಿತ್ತು."

"ಆನೆ ಕಾರಲ್ ಬಂದಿತ್ತೇನಪ್ಪ?"

"ಇಲ್ಲ, ನಡ್ಕೊಂಡ್ ಬಂದಿತ್ತು."

"ಮತ್ತೆ? ಅದ್ಕೇನ್ ಗೊತ್ತು ನನ್ ಕಷ್ಟ" ಎಂದು ಅಕ್ಕ ಕೂತೇ ಇದ್ದಳು. ನಾನು ಮತ್ತು ಯಜಮಾನರು ಎರಡೂ ಕಡೆ ತೋಟ ನೋಡುತ್ತ ನಿಂತೆವು.

ಇನ್ನೊಂದು ಕಡೆ ಗೂಡಂಗಡಿಯವನು ನಿಂಬೆಹಣ್ಣು ತಂದು ತೆರೆದ ಬಾಗಿಲಿಂದ ಚಾಚಿದ. ಹೊಸ್ತಿಲಿನ ಈಚೆಯಿಂದ ಆಚೆಗೆ ಕೊಟ್ಟು ತೆಗೆದುಕೊಳ್ಳುವುದಿಲ್ಲ ಎಂದು ಅಕ್ಕ ಬಾಗಿಲು ಹಾಕಿಸಿ, ಗಾಜು ಇಳಿಸಿಸಿ, ಕಿಟಕಿಯಿಂದ ತೆಗೆದುಕೊಂಡಳು. ಅಂಗಡಿಯವನು ಯಜಮಾನರ ಮುಖ ನೋಡಿದ. ಯಜಮಾನರು ರಸ್ತೆ ನೋಡಿದರು.

ಅಷ್ಟರಲ್ಲಿ ಹೊತ್ತು ಏರಿಬಿಟ್ಟಿತ್ತು. ಸಕಲೇಶಪುರ ದಾಟಿದ ಮೇಲೆ ರಸ್ತೆ ನೇರವಾಯಿತು. ಅಕ್ಕ ಸೀಟಿಗೆ ಒರಗಿ ಸುಮ್ಮನಾದಳು. ಈಗ ಹೆದರಿಕೆ ನನ್ನ ಪಾಲಿಗೆ ಬಂತು. ಇಷ್ಟೆಲ್ಲ ಆಗಿ ಆಸ್ಪತ್ರೆಯವರು ಬಾಗಿಲು ಹಾಕಿಬಿಟ್ಟಿದ್ದರೆ? ಇವಳನ್ನು ಇನ್ನೊಂದು ಸಲ ಕಾರು ಹತ್ತಿಸಲು ನನ್ನ ಹತ್ತಿರ ಇನ್ಯಾವ ಮರ ಇದೆ, ಇನ್ಯಾವ ಸೀರೆ ಇದೆ? ಅಕ್ಕನ ಸುಟ್ಟ ಅಂಗೈ ನನ್ನ ತೊಡೆಯ ಮೇಲಿತ್ತು. ಚರ್ಮ ಇನ್ನೂ ಕೆಂಪಗಿತ್ತು.

"ಜೋರಾಗ್ ಹೋಗ್ರೀ" ಎಂದೆ.

ಇಷ್ಟು ವರ್ಷದಲ್ಲಿ ನಾನು ಅವರಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಅವರು ನಂಬದೆ ತಿರುಗಿ ನೋಡಿ, ಆಮೇಲೆ ಹೋದರು.

ಆಸ್ಪತ್ರೆಯಲ್ಲಿ ಹೆಸರು ಬರೆಯುವ ಕಿಟಕಿ ಅರ್ಧ ಮುಚ್ಚಿತ್ತು. ನರ್ಸಮ್ಮ ಕೈಯಲ್ಲಿ ಊಟದ ಡಬ್ಬಿ ಹಿಡಿದಿದ್ದರು.

"ಎಷ್ಟೊತ್ತಿಗೆ ಬರ್ತೀರಮ್ಮ? ಎಲ್ಲಿಂದ?"

"ವನಗೂರಿಂದ."

"ನಡ್ಕೊಂಡ್ ಬಂದ್ರಾ?"

"ಅರ್ಧ ನಡ್ಕೊಂಡೇ ಬಂದ್ರು" ಎಂದರು ಯಜಮಾನರು.

ಅಕ್ಕ ನರ್ಸಮ್ಮನ ದನಿ ಬಂದ ಕಡೆಗೆ ಮುಖ ಮಾಡಿ, "ಏನೂ ಅನ್ಕೊಬ್ಯಾಡ ಕಣವ್ವ. ದಾರಿ ಉದ್ದಕ್ಕೂ ತಡ್ಕೊಂಡ್ ಬಂದೀನಿ. ಈಗ ವಾಪಸ್ ಕಳ್ಸುದ್ರೆ ಇಲ್ಲೇ ಕಕ್ಬುಡ್ತೀನಿ" ಎಂದಳು. ಆಸ್ಪತ್ರೆಗೆ ಹೊಸ್ತಿಲಿರಲಿಲ್ಲ. ನರ್ಸಮ್ಮ ಊಟದ ಡಬ್ಬಿ ಕೆಳಗಿಟ್ಟು ಅವಳನ್ನು ಒಳಗೆ ಕರೆದುಕೊಂಡರು.

ಮೊದಲು ಎಡಗಣ್ಣು. ಮಾರನೇ ಬೆಳಿಗ್ಗೆ ಪಟ್ಟಿ ತೆಗೆದರು. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನೇನಾ?" ಎಂದು ಮಾತ್ರ ಕೇಳಿದಳು. ಕಪ್ಪು ಕನ್ನಡಕ ಹಾಕಿಸಿ ಹೊರಗೆ ಕರೆತಂದೆವು. ಮುಂದಿನ ತಪಾಸಣೆಯವರೆಗೆ ಪಾಳ್ಯದಲ್ಲಿ ನಮ್ಮ ಮನೆಯಲ್ಲೇ ಇರಲಿ ಎಂದು ತೀರ್ಮಾನವಾಗಿತ್ತು. ಕಾರಿನ ಹತ್ತಿರ ನಿಂತು ಅಕ್ಕ ಒಳಗೆಲ್ಲ ಕಣ್ಣಾಡಿಸಿದಳು. ಹಲಸಿನ ಪಟ್ಟಿ, ಗೋಣಿ, ಚೌಕಳಿ, ಹೂವು, ಎರಡು ಬಣ್ಣದ ಡ್ರೈವರ್ ಸೀಟು.

"ಇಷ್ಟೊಂದ್ ಅಸಹ್ಯವಾಗ್ ಐತಾ ಇದು!" ಎಂದಳು.

ಯಜಮಾನರ ಮುಖ ಅರಳಿತು. ಅಕ್ಕನ ಕಣ್ಣು ಪೂರ್ತಿ ವಾಸಿಯಾಗಿದೆ ಎಂದು ಅವರು ಅಲ್ಲೇ ಘೋಷಿಸಿದರು. ಆ ಖುಷಿಯಲ್ಲಿ ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಅದು ಅವರೇ ಮಾಡಿಕೊಂಡದ್ದು, ನಾನು ಹೇಳಿರಲಿಲ್ಲ.

ಎಷ್ಟೋ ವರ್ಷದ ಮೇಲೆ ಅಕ್ಕನಿಗೆ ರಸ್ತೆ ಕಂಡಿತು. ಕಂಡದ್ದನ್ನೆಲ್ಲ ಹೇಳತೊಡಗಿದಳು.

"ಭಾವ, ಲಾರಿ."

"ಕಂಡೆ ಅಕ್ಕ."

"ಭಾವ, ಎಡಕ್ಕೆ ಗುಂಡಿ."

"ಕಂಡೆ."

"ಕಂಡ್ರೆ ಯಾಕ್ ಅದ್ರೊಳಿಕ್ ಬುಟ್ರಿ? ಓ, ಅಲ್ಲೊಂದು. ಆ ನಾಯಿ ನೋಡಿ, ಅಡ್ಡ ಬತ್ತದೆ ಅದು. ಬತ್ತದೆ ಅಂದ್ನಲ್ಲ!"

ಆಲೂರು ಬಂತು, ಪಾಳ್ಯದ ಕಡೆಗೆ ತಿರುಗಿದೆವು, ಅಲ್ಲೂ ತಿರುವುಗಳಿದ್ದವು. ಅಕ್ಕ ಒಂದು ಕಡೆಯೂ ನಿಲ್ಲಿಸಿ ಎನ್ನಲಿಲ್ಲ. ಹೊಟ್ಟೆ ತೊಳಸುವುದಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ. ಮನೆ ಮುಂದೆ ಇಳಿದಾಗ ಅವಳ ಮುಖ ತೊಳೆದ ಹಾಗಿತ್ತು. ಬಿಳುಚಿಕೊಂಡಿದ್ದವರು ಯಜಮಾನರು.

ತಪಾಸಣೆಗೆ ಕರೆದುಕೊಂಡು ಹೋದಾಗಲೂ ಅಕ್ಕ ಮುಂದೆಯೇ ಕೂತಳು. ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ, ಚೆನ್ನಾಗಿ ಕೂಡಿಕೊಂಡಿದೆ, ಇನ್ನೊಂದನ್ನು ಯಾವಾಗ ಮಾಡೋಣ ಎಂದರು. ಅಕ್ಕ ಬಾಯಿ ತೆರೆಯುವುದರೊಳಗೆ ಯಜಮಾನರು ಒಂದು ಹೆಜ್ಜೆ ಮುಂದೆ ಬಂದರು.

"ನಿಧಾನ ಮಾಡ್ಬೋದಲ್ವಾ ಡಾಕ್ಟ್ರೇ? ಅವಸ್ರ ಏನಿಲ್ಲ. ಒಂದ್ರಲ್ಲೇ ಬಾಳ ಚೆನ್ನಾಗ್ ಕಾಣ್ತೈತೆ ಅವ್ರಿಗೆ."

"ಬ್ಯಾಡ ಸಾರ್, ಬ್ಯಾಗ ಮಾಡ್ಬುಡಿ" ಎಂದಳು ಅಕ್ಕ. "ಇದ್ರಲ್ಲಿ ಎಡಗಡೆ ಗುಂಡಿ ಮಾತ್ರ ಕಾಣ್ತವೆ. ಬಲಗಡೆ ಗುಂಡಿಗೆಲ್ಲಾನೂ ನಮ್ ಭಾವ ಕಾರ್ ಬುಡ್ತಾವ್ರೆ."

ಮುಂದಿನ ತಿಂಗಳಿಗೆ ದಿನ ಗೊತ್ತಾಗಿದೆ.